ವೈದ್ಯಮಂಡಳಿಯ ಒಂದು ವಾಕ್ಯ

1985ರಲ್ಲಿ ಸೈನ್ಯದ ಸಿಗ್ನಲ್ಸ್ ದಳವನ್ನು ಸೇರಿ, ಸುಮಾರು ಒಂಬತ್ತು ವರ್ಷ ದುಡಿದು, ಅಪಸ್ಮಾರದಿಂದ ಶೇಕಡ 20ರಷ್ಟು ಶಾಶ್ವತ ವೈಕಲ್ಯವುಂಟಾಯಿತೆಂದು 1994ರಲ್ಲಿ ಸೇವೆಯಿಂದ ಬಿಡುಗಡೆಗೊಂಡ ಸಿಪಾಯಿಯೊಬ್ಬನಿಗೆ ಅಂಗವೈಕಲ್ಯ ಪಿಂಚಣಿ ಸಲ್ಲತಕ್ಕದ್ದೆಂದು ನ್ಯಾಯಮೂರ್ತಿ ಮುಖೋಪಾಧ್ಯಾಯರಿದ್ದ ಪೀಠವು 2013ರ ಜುಲೈ 2ರಂದು ಇತ್ತ ತೀರ್ಪು, ಸರ್ವೋಚ್ಚ ನ್ಯಾಯಾಲಯದ ಅತ್ಯಂತ ಮನುಷ್ಯೋಚಿತವಾದ ನಿರ್ಣಯಗಳಲ್ಲಿ ಒಂದೆಂದು ನನ್ನ ಭಾವನೆ.

ಆತನ ಅರ್ಜಿಯನ್ನು ತಿರಸ್ಕರಿಸಲು ಆಧಾರವಾದುದು ವೈದ್ಯಮಂಡಳಿಯ ವರದಿಯಲ್ಲಿದ್ದ, ಈ ರೋಗಕ್ಕೂ ಸೇನಾಸೇವೆಗೂ ಸಂಬಂಧವಿಲ್ಲವೆಂಬ ಅಭಿಪ್ರಾಯ. ಹಿಮಾಚಲ ಪ್ರದೇಶದ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಕೊಡಿಸಿದ ಪಿಂಚಣಿಯನ್ನು ವಿಭಾಗೀಯ ಪೀಠವು ಈ ಅಭಿಪ್ರಾಯವನ್ನೇ ನೆಮ್ಮಿ ಕಿತ್ತುಕೊಂಡಿತು. ಸರ್ವೋಚ್ಚ ನ್ಯಾಯಾಲಯವಾದರೋ ತಾನೇ ವೈದ್ಯನಾಗಲು ಹೊರಡದೆ, ಆ ಮಾತಿಗೆ ಕಾರಣವೆಲ್ಲಿ ಎಂದಷ್ಟೇ ಕೇಳಿತು. ಇಂಥ ಪಿಂಚಣಿಯ ಅರ್ಹತೆಯನ್ನು ಕುರಿತ 1982ರ ನಿಯಮಗಳ ಪ್ರಕಾರ, ಸೇರುವಾಗ ದಾಖಲೆಯಲ್ಲಿ ಯಾವ ರೋಗವನ್ನೂ ನಮೂದಿಸದಿದ್ದ ಪಕ್ಷದಲ್ಲಿ ಸಿಪಾಯಿಯು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕಾಗಿತ್ತು. ರುಜುವಾತಿನ ಭಾರ ಅವನ ಮೇಲಿರಲಿಲ್ಲ. ಸಂದೇಹದ ಲಾಭವೂ ಅವನಿಗೇ ಸಲ್ಲುತ್ತಿತ್ತು.

ಅಪಸ್ಮಾರವು ಸುಪ್ತವಾಗಿದ್ದು, ಪರೀಕ್ಷೆಯ ದಿನ ಯಾವ ವೈದ್ಯನ ಕಣ್ಣಿಗೂ ಬೀಳದಿರಬಹುದಲ್ಲವೆ ಎಂಬ ಆಕ್ಷೇಪವು ತಳ್ಳಿಹಾಕುವಂಥದಲ್ಲ. ಆದರೆ ನಿಯಮಕಾರರು ಅದನ್ನು ಮೊದಲೇ ಊಹಿಸಿ, ಸೇರುವ ಮುನ್ನ ಈ ರೋಗವನ್ನು ಪತ್ತೆಹಚ್ಚುವುದು ಸಾಧ್ಯವಿರಲಿಲ್ಲವೆಂದು ಸಕಾರಣವಾಗಿ ಬರೆಯುವ ಅವಕಾಶವನ್ನು ವೈದ್ಯರಿಗೆ ಕೊಟ್ಟಿದ್ದರು. ಮಂಡಳಿಯು ಅದನ್ನು ಬಳಸಿಕೊಳ್ಳಲಿಲ್ಲ. ಅದರ ಮೌನಕ್ಕೆ ಸಿಪಾಯಿಯು ದಂಡ ತೆರಬೇಕಾಗಿಲ್ಲವೆಂಬುದೇ ತೀರ್ಪಿನ ತಿರುಳು.

ಬರವಣಿಗೆಯ ದೃಷ್ಟಿಯಿಂದ ನೋಡಿದರೆ, ನಿಯಮಗಳನ್ನೂ ಪೂರ್ವನಿರ್ಣಯಗಳನ್ನೂ ಉದ್ದುದ್ದವಾಗಿ ಎತ್ತಿ ಬರೆದಿರುವುದರಿಂದ ವಾದದ ಓಟ ಅಲ್ಲಲ್ಲಿ ಕುಂಟುವುದುಂಟು. ಅದು ಕ್ಷಮ್ಯವಾದ ದೋಷ. ನನ್ನನ್ನು ನೋಯಿಸುವುದು ತೀರ್ಪಿನ ಹೊರಗಿನ ಸಂಗತಿ: ತತ್ತ್ವವು ಇಷ್ಟು ಸ್ಪಷ್ಟವಾದ ಮೇಲೂ ಕೇಂದ್ರ ಸರ್ಕಾರವು ಅಂಥದೇ ಪ್ರಕರಣಗಳಲ್ಲಿ ಮೇಲ್ಮನವಿಗಳನ್ನು ಹೂಡಿ ನಡೆಸಿತು; 2015ರ ಫೆಬ್ರವರಿಯಲ್ಲಿ ಅಂಥ ಹಲವು ಮೇಲ್ಮನವಿಗಳನ್ನು ಅದೇ ನ್ಯಾಯಾಲಯವು ಅದೇ ಕಾರಣಗಳಿಂದ ವಜಾಮಾಡಬೇಕಾಯಿತು. ಗೆದ್ದವನ ಪಕ್ಕದ ಹಳ್ಳಿಯವನೂ ಪ್ರತ್ಯೇಕವಾಗಿ ವಕೀಲನನ್ನು ಹುಡುಕಿ, ಪ್ರತ್ಯೇಕವಾಗಿ ವಾಯಿದೆ ಕಾಯಬೇಕಾದರೆ, ನ್ಯಾಯಾಲಯದ ಪರಿಶೀಲನೆಯು ಒಬ್ಬೊಬ್ಬನನ್ನೇ ಮುಟ್ಟುತ್ತದೆಯೇ ಹೊರತು ಇಲಾಖೆಯನ್ನು ಮುಟ್ಟುವುದಿಲ್ಲ. ಕಾರಣ ಬರೆಯದ ವರದಿಯನ್ನು ಪಿಂಚಣಿ ಮಂಜೂರುಮಾಡುವ ಅಧಿಕಾರಿಯೇ ಮಂಡಳಿಗೆ ಹಿಂದಿರುಗಿಸಿ, ಸಿಪಾಯಿಯು ಸೇರುವಾಗಿನ ಆರೋಗ್ಯಪತ್ರವನ್ನು ಕಡತದೊಡನೆ ಲಗತ್ತಿಸಿ ಕೇಳುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ.