ಹಳೆಯ ಆಟ, ಹೊಸ ಗಿರಾಕಿ

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ನನಗೊಂದು ಸೀರೆ, ಅವರಪ್ಪನಿಗೊಂದು ಶರಟು ಕೊಟ್ಟು, ಕೊನೆಗೆ ಬ್ಯಾಗಿನ ತಳದಿಂದ ಅಂಗೈಯಗಲದ ಒಂದು ಡಬ್ಬಿ ತೆಗೆದ. "ಇದು ಮಾತ್ರ ನನಗೆ" ಎಂದ. ಟಿವಿಗೆ ಸಿಕ್ಕಿಸಿದರೆ ನಾನೂರು ಹಳೆಯ ವಿಡಿಯೋ ಗೇಮುಗಳಂತೆ. ಮೂವತ್ತೆರಡು ವರ್ಷದ, ತಿಂಗಳ ಸಂಬಳ ಎಣಿಸುವ ಗಂಡಸು ಅಂದು ರಾತ್ರಿ ಹನ್ನೊಂದರವರೆಗೆ ಚಕ್ಕಳಮಕ್ಕಳ ಹಾಕಿ ಕೂತು ಮಾರಿಯೋ ಆಡಿದ. ಮರುದಿನ ಅರ್ಧ ಗಂಟೆ. ಮೂರನೆಯ ದಿನ ಮುಟ್ಟಲಿಲ್ಲ. ಹೊರಡುವಾಗ ಡಬ್ಬಿಯನ್ನು ಇಲ್ಲಿಯೇ ಮರೆತು ಹೋದ.

ಹಳೆಯ ವಿಡಿಯೋ ಗೇಮುಗಳಿಗೆ ಈಗ ಬಹಳ ಬೇಡಿಕೆ ಎನ್ನುತ್ತಾರೆ. ನನಗೆ ಹುಟ್ಟಿದ ಪ್ರಶ್ನೆ ಇಷ್ಟೆ: ಈ ಬೇಡಿಕೆ ಕೊಳ್ಳುವುದಕ್ಕೋ, ಆಡುವುದಕ್ಕೋ?

ನನ್ನ ಓರಗಿತ್ತಿಯ ಮನೆಯ ಷೋಕೇಸಿನಲ್ಲಿ ಒಂದು ಅಳಗುಳಿಮಣೆ ಇದೆ. ತಿಂಗಳಿಗೊಮ್ಮೆ ಎಣ್ಣೆ ಹಚ್ಚಿ ಒರೆಸುತ್ತಾಳೆ. ಬಂದವರೆಲ್ಲ "ಅಯ್ಯೋ, ನಮ್ಮ ಅಜ್ಜಿ ಮನೇಲೂ ಇತ್ತು" ಎನ್ನುತ್ತಾರೆ. ಅದರ ಗುಣಿಗೆ ಹುಣಸೆ ಬೀಜ ಹಾಕಿ ಆಡಿದವರನ್ನು ನಾನು ಕಂಡಿಲ್ಲ. ದೂರದ ಬೆಟ್ಟ ನುಣ್ಣಗೆ. ವಿಡಿಯೋ ಗೇಮಿನ ಕಥೆಯೂ ಹೀಗೆಯೇ ಇರಬಹುದೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಆದರೆ ವ್ಯಾಪಾರದ ಲೆಕ್ಕ ನೋಡಿದರೆ ವಿಷಯ ಅಷ್ಟು ಸುಲಭವಿಲ್ಲ. ಜಪಾನಿನ ನಿಂಟೆಂಡೊ ಕಂಪನಿ 2016ರ ನವೆಂಬರಿನಲ್ಲಿ ತನ್ನ ಎಂಬತ್ತರ ದಶಕದ ಯಂತ್ರವನ್ನೇ ಪುಟ್ಟದಾಗಿಸಿ, 30 ಆಟ ತುಂಬಿ ಮಾರಿತು. ಅಂಗಡಿಗಳಲ್ಲಿ ಸರಕು ಉಳಿಯಲಿಲ್ಲ. 2017ರ ಏಪ್ರಿಲಿನಲ್ಲಿ ತಯಾರಿ ನಿಲ್ಲಿಸುವ ಹೊತ್ತಿಗೆ 23 ಲಕ್ಷ ಖರ್ಚಾಗಿದ್ದವು. ಜನ ಬಿಡದಿದ್ದಕ್ಕೆ 2018ರಲ್ಲಿ ಮತ್ತೆ ತರಬೇಕಾಯಿತು. ಇದನ್ನು ಕಂಡ ಸೋನಿ ಕಂಪನಿಯೂ 2018ರ ಡಿಸೆಂಬರಿನಲ್ಲಿ 20 ಆಟಗಳ ಪುಟ್ಟ ಪ್ಲೇಸ್ಟೇಷನ್ ತಂದಿತು. ಅಮೆರಿಕದಲ್ಲಿ 100 ಡಾಲರಿನ ಆ ಡಬ್ಬಿ ತಿಂಗಳೊಳಗೆ 60 ಡಾಲರಿಗೆ ಇಳಿಯಿತು.

ಬರೀ ನೆನಪಿನ ಹಂಬಲವಾಗಿದ್ದರೆ ಎರಡೂ ಒಂದೇ ಸಮ ಮಾರಾಟವಾಗಬೇಕಿತ್ತಲ್ಲವೆ? ಸೋನಿಯ ಡಬ್ಬಿಯ ಮೇಲೆ ಆಡಿದವರ ದೂರು ಏನೆಂದರೆ, ಅದರ ಕೆಲವು ಆಟಗಳು ಯೂರೋಪಿನ ಟಿವಿಗಾಗಿ ಮಾಡಿದ ಪ್ರತಿಗಳು, ಮೂಲಕ್ಕಿಂತ ನಿಧಾನ ಓಡುತ್ತವೆ ಎಂದು. ಷೋಕೇಸಿನಲ್ಲಿ ಇಡುವವಳಿಗೆ ಮಣೆಯ ಗುಣಿ ಎಷ್ಟು ಆಳವಾದರೇನು? ಆಡುವವಳಿಗೆ ಮಾತ್ರ ಅದು ತಿಳಿಯುತ್ತದೆ. ಆ ದೂರೇ ನನಗೆ ಸಾಕ್ಷಿಯಾಗಿ ಕಂಡಿತು: ನಿಜವಾಗಿ ಆಡುವವರು ಇದ್ದಾರೆ.

ಹಾಗೆಂದು ಹಳತೆಲ್ಲ ಹೊನ್ನಲ್ಲ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆ 2023ರಲ್ಲಿ ಎಣಿಸಿ ನೋಡಿದಾಗ, 2010ಕ್ಕೆ ಮುಂಚೆ ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇಕಡ 87ರಷ್ಟು ಈಗ ಅಂಗಡಿಯಲ್ಲಿ ಸಿಗುವುದೇ ಇಲ್ಲ ಎಂದು ತಿಳಿಯಿತು. ಹಕ್ಕಿನ ತಕರಾರು, ಕೆಟ್ಟುಹೋದ ಯಂತ್ರಗಳು ಇದಕ್ಕೆ ಕಾರಣವೇನೋ ಹೌದು. ಆದರೂ ಲಾಭವಿದ್ದಲ್ಲಿ ವ್ಯಾಪಾರಿ ಸುಮ್ಮನೆ ಬಿಡುವವನಲ್ಲ. ಬೇಡಿಕೆ ಇರುವುದು ಕೆಲವಕ್ಕೆ ಮಾತ್ರ. ಮಗ ಬಿಟ್ಟುಹೋದ ಡಬ್ಬಿಯಲ್ಲಿ ನಾನೇ ಎಣಿಸಿದೆ. ಒಂದೇ ಆಟಕ್ಕೆ ಐದಾರು ಹೆಸರಿಟ್ಟು ನಾನೂರು ಮಾಡಿದ್ದರು!

ಹೌದು, ನಾನು ಆಡಿದೆ. ಇದಕ್ಕೆ ನನಗಿಂತ ಒಳ್ಳೆಯ ಪರೀಕ್ಷಕಿ ಇಲ್ಲವೆಂದೇ ನನ್ನ ನಂಬಿಕೆ. ನನ್ನ ಬಾಲ್ಯದಲ್ಲಿ ಚೌಕಾಬಾರ, ಕುಂಟೆಬಿಲ್ಲೆ ಬಿಟ್ಟರೆ ಬೇರೆ ಇರಲಿಲ್ಲ. ಊರಿಗೆ ವಿಡಿಯೋ ಗೇಮ್ ಅಂಗಡಿ ಬಂದಾಗ ನಾನು ಟೀಚರ್. ಅಲ್ಲಿಂದ ಹುಡುಗರನ್ನು ಕಿವಿ ಹಿಡಿದು ಹೊರಗೆಳೆದವಳು. ಹುಡುಗಿಯರಂತೂ ಆ ಬಾಗಿಲಿಗೇ ಬರುತ್ತಿರಲಿಲ್ಲ. ಹಾಗಾಗಿ ಈ ಆಟಗಳ ಬಗ್ಗೆ ನನಗೆ ಸವಿನೆನಪೆಂಬುದೇ ಇಲ್ಲ. ನನಗೂ ಹಿಡಿಸಿದರೆ ಅದು ಆಟದ ಗುಣವೇ ಸರಿ.

1985ರ ಸೂಪರ್ ಮಾರಿಯೋದ ಮೊದಲ ಪರದೆಯನ್ನೇ ನೋಡಿ. ಒಂದಕ್ಷರ ಸೂಚನೆ ಇಲ್ಲ. ಎಡಗಡೆ ಮಾರಿಯೋ, ಬಲಗಡೆ ಬಯಲು. ಹೋಗಬೇಕಾದ್ದು ಎತ್ತ ಎಂದು ಯಾರೂ ಹೇಳಬೇಕಿಲ್ಲ. ಎದುರಿಗೆ ಒಂದು ಪ್ರಾಣಿ ಬರುತ್ತದೆ, ತಾಗಿದರೆ ಸಾಯುತ್ತೀರಿ. ಎರಡನೆಯ ಸಲ ತಾನಾಗಿ ಹಾರುತ್ತೀರಿ. ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಗೆ ಗುದ್ದಿದರೆ ಅಣಬೆ ಹೊರಟು, ಮುಂದಿನ ಕೊಳವೆಗೆ ತಾಗಿ, ನಿಮ್ಮತ್ತಲೇ ಮರಳುತ್ತದೆ. ತಪ್ಪಿಸಿಕೊಳ್ಳಲು ಹೋದರೂ ತಲೆಯ ಮೇಲಿನ ಇಟ್ಟಿಗೆ ಬಿಡುವುದಿಲ್ಲ. ತಾಗಿದ ಮೇಲೆ ಗೊತ್ತಾಗುತ್ತದೆ, ಅದು ಒಳ್ಳೆಯದು ಎಂದು. ಶಿಗೆರು ಮಿಯಾಮೊಟೊ ಇದನ್ನು ಬೇಕೆಂದೇ ಹೀಗೆ ಜೋಡಿಸಿದರಂತೆ. ತಿಳಿದದ್ದರಿಂದ ತಿಳಿಯದ್ದರತ್ತ ಒಯ್ಯಿರಿ ಎಂದು ಬಿ.ಎಡ್.ನಲ್ಲಿ ಬರೆದು ಬರೆದು ಕೈ ನೋಯಿಸಿಕೊಂಡ ನಾನು ಇಷ್ಟು ಅಚ್ಚುಕಟ್ಟಾದ ಪಾಠ ಯೋಜನೆಯನ್ನು ಒಂದು ದಿನವೂ ಮಾಡಿರಲಿಲ್ಲ.

ಪ್ಯಾಕ್‌ಮ್ಯಾನ್ ಇನ್ನೊಂದು. 1980ರಲ್ಲಿ ಅದನ್ನು ರೂಪಿಸಿದ ತೋರು ಇವಾಟಾನಿ, ಗಂಡಸರೇ ತುಂಬಿದ್ದ ಆಟದಂಗಡಿಗೆ ಹೆಂಗಸರೂ ಬರಲಿ ಎಂದು ತಿನ್ನುವ ಆಟ ಯೋಚಿಸಿದರಂತೆ. ಹೆಂಗಸರೆಂದರೆ ತಿನಿಸು ಎಂಬ ಲೆಕ್ಕಕ್ಕೆ ನಗು ಬಂತು. ಆದರೂ ಸಾರು ಕುದಿಯುವ ಹೊತ್ತಿಗೆ ಒಂದು ಆಟ ಮುಗಿಯುತ್ತದೆ ನೋಡಿ, ಅದು ನನಗೆ ಇಷ್ಟವಾಯಿತು. ಮೂರು ವಾರದಿಂದ ಈ ಎರಡನ್ನು ಆಡುತ್ತಿದ್ದೇನೆ. ಉಳಿದ ಮುನ್ನೂರ ತೊಂಬತ್ತೆಂಟನ್ನು ಯಾರು ಬೇಕಾದರೂ ಒಯ್ಯಬಹುದು.

ಹಾಗಾದರೆ ಮಗ ಎರಡೇ ದಿನಕ್ಕೆ ಏಕೆ ಬಿಟ್ಟ? ಇದನ್ನು ಬರೆಯಲು ಸ್ವಲ್ಪ ಸಂಕೋಚ. ಹಬ್ಬದ ದಿನ ಅವನು ಅಟ್ಟ ಹತ್ತಿ, ಚಿಕ್ಕಂದಿನ ಬಾತುಕೋಳಿ ಹೊಡೆಯುವ ಪ್ಲಾಸ್ಟಿಕ್ ಗನ್ನು ಹುಡುಕಿ ತಂದಿದ್ದ. "ಗನ್ ಇದೆ, ಪೆಟ್ಟಿಗೆ ಎಲ್ಲಮ್ಮಾ?" ಎಂದ. "ರಿಪೇರಿಗೆ ಕೊಟ್ಟಿದ್ದು ವಾಪಸ್ ಬರಲಿಲ್ಲವಲ್ಲ" ಎಂದೆ. "ಇದ್ದರೂ ಪ್ರಯೋಜನವಿಲ್ಲ ಬಿಡು" ಎಂದು ಅವನೇ ವಿವರಿಸಿದ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ ಬಾತು ಇದ್ದ ಜಾಗ ಬೆಳ್ಳಗಾಗುತ್ತದೆ, ಗನ್ನಿನ ಕಣ್ಣು ಆ ಬೆಳಕನ್ನು ಹಿಡಿಯುತ್ತದೆ. ಹಳೆಯ ಡುಬ್ಬದ ಟಿವಿಯ ವೇಗಕ್ಕೆ ಮಾಡಿದ ಲೆಕ್ಕ ಅದು. ಹೊಸ ಟಿವಿಯಲ್ಲಿ ಚಿತ್ರ ಕೊಂಚ ತಡವಾಗಿ ಮೂಡುವುದರಿಂದ ಗುರಿ ಎಷ್ಟು ಸರಿಯಿದ್ದರೂ ಬಾತು ಬೀಳುವುದಿಲ್ಲ.

ಅವನಿಗೆ ಬೇಕಿದ್ದದ್ದು ಆ ಟಿವಿ, ಆ ಪೆಟ್ಟಿಗೆ, ಪಕ್ಕದಲ್ಲಿ ಕೂರುತ್ತಿದ್ದ ಎದುರುಮನೆ ಹುಡುಗ. ನಾನೂರು ಆಟದಲ್ಲಿ ಅದು ಸಿಗಲಿಲ್ಲ. ಕೊಂಡವರಲ್ಲಿ ಎಷ್ಟೋ ಜನ ಇಂಥವರೇ ಇರಬೇಕು. ಆಡುವವರು ಕಡಿಮೆ, ಆದರೆ ಅವರ ಬೇಡಿಕೆಯೇ ನಿಜವಾದದ್ದು.

ಮೊನ್ನೆ ಫೋನಿನಲ್ಲಿ ಹೇಳಿಬಿಟ್ಟೆ. "ಆ ಪೆಟ್ಟಿಗೆ ಕೆಟ್ಟಿರಲಿಲ್ಲ ಕಣೋ. ನಿನ್ನ ಎಸ್ಸೆಸ್ಸೆಲ್ಸಿ ವರ್ಷ ನಾನೇ ಹಳೇ ಸಾಮಾನಿನವನಿಗೆ ಹಾಕಿದೆ." ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಏನು ಕೊಟ್ಟ?" ಎಂದ.

"ಒಂದು ಪ್ಲಾಸ್ಟಿಕ್ ಬುಟ್ಟಿ."

"ಮೋಸ ಹೋದೆ ಅಮ್ಮಾ" ಎಂದ. ನಗುತ್ತಿದ್ದನೋ ಇಲ್ಲವೋ ತಿಳಿಯಲಿಲ್ಲ. ಸಂಕ್ರಾಂತಿಗೆ ಬರುತ್ತಾನಂತೆ. ಎರಡನೆಯ ರಿಮೋಟನ್ನು ಒರೆಸಿಟ್ಟಿದ್ದೇನೆ.