ಸವೆದ ನಾಣ್ಯ, ಹುಣಸೆಯ ಹುಳಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಹಳೆಯ ನಾಣ್ಯಗಳನ್ನು ಕೂಡಿಡುವ ಹವ್ಯಾಸವುಳ್ಳವರ ಕೈಗೆ ಮೊಟ್ಟಮೊದಲು ಬರುವುದು ಬಹುಮಟ್ಟಿಗೆ ಶಿವರಾಯಿಯೇ. ಒಂದು ಮಗ್ಗುಲಲ್ಲಿ ‘ಶ್ರೀ ರಾಜಾ ಶಿವ’ ಎಂದೂ ಇನ್ನೊಂದು ಮಗ್ಗುಲಲ್ಲಿ ‘ಛತ್ರಪತಿ’ ಎಂದೂ ನಾಗರೀ ಲಿಪಿಯಲ್ಲಿ ಅಚ್ಚೊತ್ತಿಸಿಕೊಂಡು, ಹತ್ತು ಗ್ರಾಮಿನ ಆಸುಪಾಸು ತೂಗುವ ಈ ತಾಮ್ರದ ಬಿಲ್ಲೆ, 1674ರಲ್ಲಿ ಪಟ್ಟಾಭಿಷಿಕ್ತನಾದ ಶಿವಾಜಿಯ ಹೆಸರನ್ನು ಹೊತ್ತು, ಅವನ ತರುವಾಯ ಪೇಶವೆಯರ ಕಾಲದಲ್ಲಿಯೂ ಅನೇಕ ಟಂಕಸಾಲೆಗಳಲ್ಲಿ ಮತ್ತೆ ಮತ್ತೆ ಮುದ್ರಿತವಾಗಿ, ಹತ್ತೊಂಬತ್ತನೆಯ ಶತಮಾನದಲ್ಲಿಯೂ ಬಹುಕಾಲ ಸಂತೆಪೇಟೆಗಳಲ್ಲಿ ಸಲ್ಲಿದ ನಾಣ್ಯ. ಹಲವು ತಲೆಮಾರುಗಳ ಬೆರಳುಗಳಲ್ಲಿ ಸವೆದು, ಎರೆಮಣ್ಣಿನಲ್ಲಿಯೋ ಗಡಿಗೆಯ ತಳದಲ್ಲಿಯೋ ಬಿದ್ದಿದ್ದು, ಕಂದುಗಪ್ಪಾಗಿ ದೊರೆಯುವ ಇದನ್ನು ಕಂಡೊಡನೆ ಹವ್ಯಾಸಿಗೆ ತೋಚುವ ಮೊದಲ ಕಾರ್ಯವೆಂದರೆ ಹುಣಸೆಹಣ್ಣು ಕಿವುಚಿ, ಚಿಟಿಕೆ ಉಪ್ಪು ಬೆರೆಸಿ, ಹೊಳೆಯುವವರೆಗೆ ತಿಕ್ಕುವುದು. ಈ ರೂಢಿ ಎಷ್ಟು ಸರ್ವಸಾಮಾನ್ಯವಾಗಿದೆಯೆಂದರೆ ಅದರ ಯುಕ್ತಾಯುಕ್ತತೆಯನ್ನು ವಿಚಾರಿಸತಕ್ಕವರೇ ವಿರಳ. ನನ್ನ ನಿರ್ಣಯವನ್ನು ಮೊದಲೇ ಹೇಳಿಬಿಡುವುದು ಲೇಸು: ಸವೆದ ನಾಣ್ಯವನ್ನು ಬೆಳಗಬಾರದು, ಅದರಲ್ಲಿಯೂ ಯಾವುದು ಅಗ್ಗವೋ, ಯಾವುದು ಹೇರಳವೋ, ಯಾವುದನ್ನು ತಿಕ್ಕಿದರೆ ಏನೂ ಹೋಗದೆಂದು ತೋರುವುದೋ, ಅದನ್ನು ಎಲ್ಲಕ್ಕಿಂತ ಮಿಗಿಲಾಗಿ ಕಾಯ್ದುಕೊಳ್ಳಬೇಕು.

ಈ ರೂಢಿಯ ಮೂಲದಲ್ಲಿ ದೋಷಬುದ್ಧಿಯೇನೂ ಇಲ್ಲ. ನಮ್ಮ ಕಡೆಯ ಮನೆಗಳಲ್ಲಿ ದೀಪಾವಳಿಯ ನೀರು ತುಂಬುವ ಹಬ್ಬದಂದು ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿಗಳಿಂದ ಬೆಳಗುವುದು ಗೃಹಧರ್ಮದ ಒಂದು ಅಂಗ. ಮಬ್ಬು ಹಿಡಿದ ತಾಮ್ರವೆಂದರೆ ಮನೆಯ ಅಲಕ್ಷ್ಯಕ್ಕೆ ಸಾಕ್ಷಿ ಎಂದೇ ಹಿರಿಯರ ಭಾವನೆ. ಆ ಸಂಸ್ಕಾರದಲ್ಲಿ ಬೆಳೆದ ಕೈ ನಾಣ್ಯವನ್ನು ಹಿಡಿದಾಗಲೂ ಅದೇ ಕೆಲಸಕ್ಕೆ ತೊಡಗುವುದು ಸಹಜ. ಆದರೆ ಹಂಡೆಯ ಪ್ರಯೋಜನವಿರುವುದು ಅದರ ಪಾತ್ರತ್ವದಲ್ಲಿ. ಅದರ ಮೈಮೇಲಿನ ಒಂದು ಪದರ ಪ್ರತಿವರ್ಷ ಹೋದರೂ ನೀರು ಕಾಯುವುದಕ್ಕೆ ಅಡ್ಡಿಯಿಲ್ಲ. ನಾಣ್ಯದ ಪ್ರಯೋಜನವಾದರೋ ಸಂಪೂರ್ಣವಾಗಿ ಅದರ ಮೇಲ್ಮೈಯಲ್ಲಿಯೇ ಇದೆ. ಮೇಲ್ಮೈ ಹೋದ ಮೇಲೆ ಉಳಿಯುವುದು ತೂಕಕ್ಕೆ ಮಾರುವ ತಾಮ್ರ.

ಸವೆದ ಶಿವರಾಯಿಯೊಂದನ್ನು ಬೆಳಗಿನ ಓರೆಬಿಸಿಲು ಬೀಳುವ ಕಿಟಕಿಯ ಬಳಿ ಹಿಡಿದು ನೋಡಬೇಕು. ಅಕ್ಷರಗಳು ಬಯಲಿನಿಂದ ಮೇಲೆದ್ದಿರುವ ಎತ್ತರ ಈಗ ಕೂದಲೆಳೆಗೆ ಸಮ; ಆದರೂ ಓದಲು ಬರುತ್ತದೆ. ಏಕೆಂದರೆ ತಗ್ಗಿನಲ್ಲಿ ಕಾಲದಿಂದ ಕುಳಿತ ಕಪ್ಪು ಗಾಢವಾಗಿದ್ದು, ಬೆರಳು ತಾಗಿದ ಅಕ್ಷರದ ನೆತ್ತಿ ತುಸು ತಿಳಿಗಂದಾಗಿರುವುದರಿಂದ, ಎತ್ತರ ಕಳೆದುಕೊಂಡ ಲಿಪಿಯನ್ನು ಬಣ್ಣವೇ ಎತ್ತಿ ತೋರಿಸುತ್ತದೆ. ಇದನ್ನೇ ಹುಣಸೆಹುಳಿಗೆ ಹಾಕಿದರೆ ಕ್ಷಣಮಾತ್ರದಲ್ಲಿ ನಾಣ್ಯವೆಲ್ಲ ಒಂದೇ ಸಮನೆ ನಸುಗೆಂಪಾಗುತ್ತದೆ. ತಗ್ಗು ಯಾವುದು, ಉಬ್ಬು ಯಾವುದು ಎಂಬ ಭೇದ ಅಳಿದು, ಒಂದು ಗಳಿಗೆಯ ಹಿಂದೆ ಸ್ಪಷ್ಟವಾಗಿದ್ದ ‘ರಾಜಾ’ ಎಂಬ ಪದ ಕಣ್ಣಿಗೆ ಸಿಕ್ಕದಂತಾಗುತ್ತದೆ. ಸ್ಪಷ್ಟತೆಗಾಗಿ ಮಾಡಿದ ಕೆಲಸ ಸ್ಪಷ್ಟತೆಯನ್ನೇ ನುಂಗಿತು. ಮಳೆಗಾಲ ಬರುವಷ್ಟರಲ್ಲಿ ಆ ಬೋಳು ತಾಮ್ರ ಬೆರಳಚ್ಚುಗಳನ್ನೂ ತೇವವನ್ನೂ ಹೀರಿ ಮಚ್ಚೆಮಚ್ಚೆಯಾಗಿ ಮಸಳಿಸುತ್ತದೆ. ಒಡೆಯನು ಮತ್ತೆ ತಿಕ್ಕುತ್ತಾನೆ.

ತಾಮ್ರದ ಮೇಲಣ ಈ ಕಂದು ಪದರವನ್ನು ಕೊಳೆಯೆಂದು ಭಾವಿಸಿದ್ದೇ ಅನರ್ಥದ ಬೀಜ. ಹೊರಗಿನಿಂದ ಬಂದು ಅಂಟಿದ ಕೊಳೆ ಬೇರೆ. ತಾಮ್ರವೇ ವಾಯುವಿನೊಡನೆ ನಿಧಾನವಾಗಿ ಸಂಯೋಗ ಹೊಂದಿ ತಳೆದ ಆಕ್ಸೈಡಿನ ಹೊದಿಕೆ ಬೇರೆ. ಟಂಕಸಾಲೆಯ ಅಚ್ಚು ಯಾವ ಮೈಯನ್ನು ಮುಟ್ಟಿತೋ ಆ ಮೈಯೇ ಈಗ ಆ ಹೊದಿಕೆಯಾಗಿ ಮಾರ್ಪಟ್ಟಿದೆ. ಹುಳಿಯಲ್ಲಿ ಅದು ಕರಗಿ ಹೋಗುವಾಗ ನಾಣ್ಯದ ಮೇಲಿನ ವಸ್ತುವಲ್ಲ, ನಾಣ್ಯದ ಅಂಶವೇ ಕರಗಿ ಹೋಗುತ್ತದೆ. ಹೊಸದಾಗಿ ಮುದ್ರಿತವಾದ ನಾಣ್ಯಕ್ಕೆ ಈ ನಷ್ಟ ಅಲ್ಪವಿರಬಹುದು. ಸವೆದ ನಾಣ್ಯದಲ್ಲಿ ಅಚ್ಚಿನ ಗುರುತು ಉಳಿದಿರುವುದೇ ಅಷ್ಟು ದಪ್ಪ.

ಇಲ್ಲಿಗೆ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ‘ಶಿವರಾಯಿ ತಾನೆ, ಸಾವಿರಾರು ಇವೆ’ ಎಂಬ ಮಾತು ಸಂಗ್ರಾಹಕರ ಬಾಯಲ್ಲಿ ಸದಾ ಕೇಳಿಬರುತ್ತದೆ. ಸಾವಿರಾರು ಇರುವುದು ನಿಜ. ಆದರೆ ಅವು ಯಾವುವೂ ತಮ್ಮ ಟಂಕಸಾಲೆಯ ಹೆಸರನ್ನು ಹೇಳುವುದಿಲ್ಲ. ದಕ್ಷಿಣ ಮರಾಠಾ ಸೀಮೆಯಲ್ಲಿ ಖಾಸಗಿ ಟಂಕಸಾಲೆಗಳು ಎಷ್ಟು ಹೆಚ್ಚಿದ್ದುವೆಂದರೆ 1765ರ ಸುಮಾರಿಗೆ ಪೇಶವೆ ಮಾಧವರಾಯನ ಆಡಳಿತವು ಅವನ್ನು ಮುಚ್ಚಿಸಿ ಧಾರವಾಡದಲ್ಲಿ ಒಂದೇ ಕೇಂದ್ರ ಟಂಕಸಾಲೆಯನ್ನು ನೆಲೆಗೊಳಿಸಲು ಯತ್ನಿಸಬೇಕಾಯಿತು. ಅಂಥ ಟಂಕಸಾಲೆಗಳಿಂದ ಹೊರಬಿದ್ದ ತಾಮ್ರವನ್ನು ಪ್ರತ್ಯೇಕಿಸಲು ನಮಗಿರುವ ಆಧಾರಗಳಾದರೂ ಎಂಥವು? ಒಂದು ಚುಕ್ಕೆ, ಒಂದು ಬಿಲ್ವಪತ್ರೆ, ಸೂರ್ಯನ ಅಥವಾ ಚಂದ್ರನ ಗುರುತು, ‘ಶಿವ’ ಎಂಬಲ್ಲಿ ‘ಸಿವ’ ಎಂದು ಕೊರೆದ ಅಚ್ಚುಗಾರನ ಕೈವಾಡ, ದುದಂಡಿ ಶಿವರಾಯಿಯಲ್ಲಿ ಸಾಲುಗಳ ನಡುವೆ ಎಳೆದ ಎರಡು ಗೆರೆಗಳು. ಸವೆತದಲ್ಲಿ ಮೊದಲು ಅಳಿಯುವವೂ ಇವೇ, ಹುಳಿಗೆ ಮೊದಲು ಬಲಿಯಾಗುವವೂ ಇವೇ. ವಿಗಿನ್ಸ್ ಮತ್ತು ಮಾಹೇಶ್ವರಿಯವರು ಮರಾಠಾ ಟಂಕಸಾಲೆಗಳನ್ನು ಕುರಿತು ನಾಸಿಕದ ನಾಣ್ಯಸಂಶೋಧನ ಸಂಸ್ಥೆಯಿಂದ 1989ರಲ್ಲಿ ಹೊರತಂದ ಗ್ರಂಥ ಈ ವಿಷಯದಲ್ಲಿ ಅಡಿಗಲ್ಲು ಹಾಕಿದೆಯೆಂಬುದು ದಿಟ. ಆದರೂ ಯಾವ ಊರಿನ ನೆಲದಲ್ಲಿ ಯಾವ ಬಗೆಯ ಶಿವರಾಯಿ ಹೆಚ್ಚಾಗಿ ದೊರೆಯುತ್ತದೆ ಎಂಬ ಸ್ಥಳೀಯ ಜ್ಞಾನವನ್ನು ಕೂಡಿಸಬಲ್ಲವರು ಗ್ರಂಥಕರ್ತರಲ್ಲ, ಸದಲಗಾ, ಶೇಡಬಾಳಗಳಂಥ ಊರುಗಳ ಹವ್ಯಾಸಿಗಳೇ. ಚಿನ್ನದ ವರಹವನ್ನು ಯಾರೂ ಉಪ್ಪುಹುಳಿಯಲ್ಲಿ ನೆನೆಹಾಕರು. ಅದರ ಬೆಲೆಯೇ ಅದಕ್ಕೆ ಕಾವಲು. ಬೆಲೆಯಿಲ್ಲವೆಂಬ ಕಾರಣದಿಂದಲೇ ಶಿವರಾಯಿ ಅನಾಥವಾಗಿದೆ, ಹೇಳಬೇಕಾದ ಸಂಗತಿ ಅದರಲ್ಲಿಯೇ ಹೆಚ್ಚು ಉಳಿದಿರುವಾಗ. ನಮ್ಮ ಸೀಮೆಯ ಶಾಸನಗಳನ್ನೂ ನಾಣ್ಯಗಳನ್ನೂ ಅಕ್ಕರೆಯಿಂದ ಕಲೆಹಾಕಿದ ವಾಲ್ಟರ್ ಎಲಿಯಟ್ಟನು ಕಣ್ಣು ಮಂದವಾದ ಮುಪ್ಪಿನಲ್ಲಿ, 1886ರಲ್ಲಿ, ದಕ್ಷಿಣ ಭಾರತದ ನಾಣ್ಯಗಳ ಮೇಲಿನ ತನ್ನ ಗ್ರಂಥವನ್ನು ಪ್ರಕಟಿಸಿದುದನ್ನು ನೆನೆದಾಗ, ಕಣ್ಣು ಚೆನ್ನಾಗಿರುವ ನಾವು ನಮ್ಮ ಕೈಯಾರೆ ಅಕ್ಷರಗಳನ್ನು ಒರೆಸಿ ಹಾಕುತ್ತಿರುವುದು ಬಹು ವ್ಯಥೆಯ ವಿಷಯ.

ಬೆಳ್ಳಿಯ ಮಾತು ತುಸು ಬೇರೆ. ನಿಪ್ಪಾಣಿಯಿಂದ ಬಹುದೂರವಿಲ್ಲದ ಹುಪರಿಯ ಬೆಳ್ಳಿಗೆಲಸದವರು ಅಂಟುವಾಳದ ನೀರಿನಲ್ಲಿ ಆಭರಣಗಳಿಗೆ ತರುವ ಶುಭ್ರತೆಯನ್ನು ಕಂಡವರು ತಮ್ಮ ರಾಣಿಛಾಪಿನ, ಎಂದರೆ ವಿಕ್ಟೋರಿಯಾ ರಾಣಿಯ ಮುದ್ರೆಯ, ರೂಪಾಯಿಯೂ ಹಾಗೆಯೇ ಬೆಳಗಲೆಂದು ಬಯಸುತ್ತಾರೆ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದ್ದು 11.66 ಗ್ರಾಂ ತೂಗುವ ಆ ರೂಪಾಯಿಯ ಕಪ್ಪು, ಗಾಳಿಯಲ್ಲಿನ ಗಂಧಕದಿಂದಾದ ತೆಳು ಪದರ. ಅದು ಬೆಳ್ಳಿಯನ್ನು ತಿನ್ನುತ್ತ ಹೋಗುವಂಥದಲ್ಲ. ಆದರೆ ಶುಭ್ರಗೊಳಿಸುವ ದ್ರಾವಣದಲ್ಲಿ ಅದ್ದಿ ತೆಗೆದಾಗಲೊಮ್ಮೆ ಆ ಪದರದೊಡನೆ ಬೆಳ್ಳಿಯೂ ಅಷ್ಟಿಷ್ಟು ಹೋಗುತ್ತದೆ. ಪುಡಿಯಿಂದ ಉಜ್ಜಿದರೆ ಗೀರುಗಳು ಶಾಶ್ವತವಾಗಿ ನಿಲ್ಲುತ್ತವೆ. ಇದಕ್ಕಿಂತ ಹೆಚ್ಚಿನ ಅಪಚಾರವೆಂದರೆ, ಸರಾಫನು ಪರೀಕ್ಷೆಗೆಂದು ಒತ್ತಿದ ಚಿಕ್ಕ ಠಸೆಗಳನ್ನೂ, ಕೊರಳಸರಕ್ಕೆ ಕೊಂಡಿ ಬೆಸೆದಿದ್ದ ಗುರುತನ್ನೂ ದೋಷವೆಂದು ಎಣಿಸಿ ಅರದಿಂದ ಉಜ್ಜಿ ತೆಗೆಯುವುದು. ಒಂದು ರೂಪಾಯಿ ಸರಾಫಕಟ್ಟೆಯನ್ನು ಹಾದು, ಒಬ್ಬ ಹೆಣ್ಣುಮಗಳ ಕೊರಳಲ್ಲಿ ಇದ್ದು ಬಂದಿತೆಂಬ ಸಾಕ್ಷ್ಯ ಅದು. ಅದನ್ನು ಅಳಿಸಿದವನು ನಾಣ್ಯವನ್ನು ಶುದ್ಧಗೊಳಿಸಲಿಲ್ಲ, ಸುಳ್ಳಾಗಿಸಿದನು. ಬಿಜಾಪುರದ ಆದಿಲಶಾಹಿಯ ಬೆಳ್ಳಿಯ ಲಾರಿ ಎಂಬ ನಾಣ್ಯವಂತೂ ಮಡಿಚಿದ ತಂತಿಯಷ್ಟೆ. ಅದರ ಮೇಲೆ ಫಾರಸಿ ಅಕ್ಷರಗಳ ತುಣುಕುಗಳು ಮಾತ್ರ ಬಿದ್ದಿರುತ್ತವೆ. 1639ರಲ್ಲಿ ಮಾಂಡೆಲ್ಸ್ಲೊ ಎಂಬ ಜರ್ಮನ್ ಪ್ರವಾಸಿಯು ಬಿಜಾಪುರ, ಗೋವೆಗಳ ನಡುವಣ ದೊಡ್ಡ ಪೇಟೆಯೆಂದು ಹೇಳಿದ ಅಥಣಿಯ ಸುತ್ತಿನಲ್ಲಿ ಅಂಥದೊಂದು ತಂತಿ ಕೈಗೆ ಬಂದರೆ ಅದನ್ನು ಉಜ್ಜುವ ಯೋಚನೆಯೂ ಸುಳಿಯಬಾರದು.

ದೇವರ ಕೋಣೆಯ ನಾಣ್ಯಗಳ ವಿಷಯದಲ್ಲಿ ಈ ನಿಯಮವನ್ನು ಹೇರಲು ನಾನು ಒಪ್ಪೆನು. ಲಕ್ಷ್ಮೀಪೂಜೆಗೆ ವರ್ಷವರ್ಷವೂ ಹಾಲಿನಲ್ಲಿ ತೊಳೆದು, ಅರಿಸಿನ ಕುಂಕುಮ ಏರಿಸುವ ರೂಪಾಯಿ ಸಂಗ್ರಹದ ವಸ್ತುವಲ್ಲ. ರಾಣಿಯ ಮೂಗು, ಮುಡಿ ನುಣುಪಾಗಿದ್ದರೆ ಅದು ಆ ಮನೆತನದ ಭಕ್ತಿಯ ಸವೆತ. ಆದರೆ ಅದೇ ರೂಪಾಯಿ, ಅಥವಾ ಚಿಂಚಲಿಯ ಮಾಯಕ್ಕದೇವಿಯ ಭಂಡಾರದ ಅರಿಸಿನ ಮೆತ್ತಿದ ತಾಮ್ರದ ದುಡ್ಡು, ಮನೆ ಪಾಲಾದಾಗ ಸಂಗ್ರಾಹಕನ ಕೈ ಸೇರಿದರೆ, ಆತನು ಅಕ್ಷರಗಳ ಸಂದಿಯಲ್ಲಿ ಉಳಿದ ಹಳದಿಯನ್ನು ಕೆದಕದೆ ಬಿಡಬೇಕೆಂದು ನನ್ನ ಪ್ರಾರ್ಥನೆ.

ಹಾಗಾದರೆ ಕೈಕಟ್ಟಿ ಕೂಡಬೇಕೆ ಎಂದರೆ, ಇಲ್ಲ. ಒಂದು ವ್ಯಾಧಿಯ ವಿಷಯದಲ್ಲಿ ಸುಮ್ಮನಿರುವುದೇ ಅಪರಾಧ. ಕೃಷ್ಣೆಯ ನೀರಾವರಿಯಲ್ಲಿ ಕಬ್ಬಿಗೆ ಅತಿಯಾಗಿ ನೀರುಣಿಸಿದ್ದರಿಂದ ಅಥಣಿ, ರಾಯಬಾಗ, ಕಾಗವಾಡಗಳ ಎಷ್ಟೋ ಹೊಲಗಳು ಸವಳು ಹಿಡಿದಿವೆ. ಅಂಥ ಉಪ್ಪುಮಣ್ಣಿನಲ್ಲಿದ್ದ ತಾಮ್ರದೊಳಗೆ ಕ್ಲೋರೈಡು ಹೊಕ್ಕು, ತೇವ ತಾಗಿದಾಗ ಆಮ್ಲವಾಗಿ, ಲೋಹವನ್ನು ಒಳಗಿನಿಂದ ತಿನ್ನತೊಡಗುತ್ತದೆ. ಅದರ ಲಕ್ಷಣ ತಿಳಿಹಸುರಿನ, ಮುಟ್ಟಿದರೆ ಉದುರುವ ಹುಡಿ. ಗಟ್ಟಿಯಾಗಿ ಕಚ್ಚಿ ನಿಂತ ಗಾಢ ಹಸುರು ಕಿಲುಬಿನೊಡನೆ ಇದನ್ನು ಗೊಂದಲಿಸಬಾರದು. ಈ ಹುಡಿ ಕಂಡ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ, ಭಟ್ಟಿ ಇಳಿಸಿದ ನೀರಿನಲ್ಲಿ ನೆನೆಯಿಟ್ಟು, ನೀರನ್ನು ಮೇಲಿಂದ ಮೇಲೆ ಬದಲಿಸಿ, ಚೆನ್ನಾಗಿ ಒಣಗಿಸಿ, ತೇವವಿಲ್ಲದಲ್ಲಿ ಇಡಬೇಕು. ಸಂರಕ್ಷಣ ವಿಜ್ಞಾನಿ ಪ್ಲೆಂಡರ್ಲೀತನು ತನ್ನ 1956ರ ಗ್ರಂಥದಲ್ಲಿ ವಿವರಿಸಿದ ಸೋಡಿಯಂ ಸೆಸ್ಕ್ವಿಕಾರ್ಬೊನೇಟಿನ ಚಿಕಿತ್ಸೆ ವಾರಗಟ್ಟಲೆಯ ತಾಳ್ಮೆಯನ್ನು ಬೇಡುವುದರಿಂದ, ವಿರಳವಾದ ನಾಣ್ಯವನ್ನು ಮೈಸೂರಿನ ಪ್ರಾದೇಶಿಕ ಸಂರಕ್ಷಣ ಪ್ರಯೋಗಾಲಯದಂಥ ಬಲ್ಲವರಿಗೆ ತೋರಿಸುವುದೇ ಕ್ಷೇಮ. ಬರಿಯ ಎರೆಮಣ್ಣು ಅಂಟಿದ್ದರೆ ಭಟ್ಟಿ ನೀರಿನಲ್ಲಿ ನೆನೆಸಿ, ಭೂತಗನ್ನಡಿಯ ಕೆಳಗೆ ಜಾಲಿಮುಳ್ಳಿನ ಮೊನೆಯಿಂದ ಮೆಲ್ಲನೆ ಬಿಡಿಸಬಹುದು. ಉಕ್ಕಿನ ಸೂಜಿ ಬೇಡ. ಇಡುವ ಬಗೆಯಲ್ಲಿಯೂ ಎಚ್ಚರಿಕೆ ಬೇಕು. ಅಥಣಿಯ ತೊಗಲಿನ ಕೆಲಸದ ಮೇಲೆ ನನಗೆ ಬಹು ಅಭಿಮಾನವಿದ್ದರೂ, ತೊಗಲಿನ ಸಂಚಿಯಲ್ಲಿ ತಾಮ್ರವನ್ನಿಟ್ಟರೆ ಹದ ಮಾಡಿದ ತೊಗಲಿನ ಆಮ್ಲ, ಎಣ್ಣೆಗಳು ಅದಕ್ಕೆ ಹಸುರು ಜಿಡ್ಡು ತರುತ್ತವೆ ಎಂಬುದನ್ನು ಮುಚ್ಚಿಡಲಾರೆ. ಮೆದು ಪ್ಲಾಸ್ಟಿಕ್ಕಿನ ಅಗ್ಗದ ಹಾಳೆಗಳೂ ಅಂಥವೇ.

ಹೊಲ ಉಳುವಾಗ ಗಡಿಗೆಯೇ ಸಿಕ್ಕರೆ ಅದು ಹವ್ಯಾಸಿಯ ಅಧಿಕಾರಕ್ಕೆ ಒಳಪಟ್ಟದ್ದೇ ಅಲ್ಲ. ಅಂಥ ನಿಧಿಯನ್ನು ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕೆಂದು ಕಾಯಿದೆ ವಿಧಿಸುತ್ತದೆ. ತಿಳಿಸುವ ಮೊದಲು ತೊಳೆದುಬಿಡುವವರೇ ಬಹಳ. ಕಿಲುಬಿನಲ್ಲಿ ಅಂಟಿ ಉಳಿದ ಗಂಟಿನ ಬಟ್ಟೆಯ ನೆಯ್ಗೆ, ಯಾವ ನಾಣ್ಯ ಯಾವುದರ ಮೇಲಿತ್ತೆಂಬ ಕ್ರಮ, ಎಲ್ಲವೂ ಬಚ್ಚಲಿನಲ್ಲಿ ಹರಿದುಹೋಗುತ್ತವೆ.

‘ನನ್ನ ನಾಣ್ಯ, ನನ್ನ ಕಣ್ಣಿಗೆ ಚೆಂದ ಕಾಣಲಿ’ ಎಂಬವರ ವಾದವನ್ನು ಹಗುರಾಗಿ ತಳ್ಳಿಹಾಕಲಾಗದು. ಹವ್ಯಾಸಕ್ಕೆ ಆನಂದವೇ ಮೂಲ. ಆದರೆ ಬೆಳಗಿದ ನಾಣ್ಯ ಚೆಂದವಾಗಿ ಕಾಣುವುದು ಕೆಲವು ದಿನ ಮಾತ್ರ, ಮತ್ತು ಬಲ್ಲವರ ಕಣ್ಣಿಗೆ ಆ ದಿನಗಳಲ್ಲಿಯೂ ಕಾಣುವುದಿಲ್ಲ. ಬೆಳಗಿದ್ದು ಬಿಕರಿಯಾಗದೆಂದು ಕಂಡ ಕೆಲವು ಮಾರಾಟಗಾರರು ಗಂಧಕದ ಹೊಗೆಯಿಂದ ಮತ್ತೆ ಕಪ್ಪೇರಿಸಿ ಮಾರುತ್ತಿರುವುದಂತೂ ಎರಡನೆಯ ವಂಚನೆ. ತಗ್ಗೂ ಉಬ್ಬೂ ಒಂದೇ ಕಪ್ಪಾಗಿರುವುದೇ ಅದರ ಗುರುತು. ಹೊಸದಾಗಿ ಈ ಹಾದಿಗೆ ಬರುವ ತರುಣರು ಸಂತೆ ಜಾತ್ರೆಗಳಲ್ಲಿ ಶಿವರಾಯಿ ಕೊಳ್ಳುವಾಗ ತಿಕ್ಕದ ಕಪ್ಪು ನಾಣ್ಯವನ್ನೇ ಕೇಳಿ ಪಡೆದು, ಕಾಗದದ ಲಕೋಟೆಯಲ್ಲಿಟ್ಟು, ಅದು ಯಾವ ಊರಿನ ಯಾವ ಹೊಲದಿಂದ, ಯಾವ ಮನೆಯ ಗಡಿಗೆಯಿಂದ ಬಂದಿತೆಂದು ಮಾರುವವನ ಬಾಯಿಂದ ಹೊರಟಷ್ಟನ್ನು ಆ ಲಕೋಟೆಯ ಮೇಲೆಯೇ ಬರೆದಿಡಲಿ.