ಗೆದ್ದವನ ಮುಂದೆ ಬಿದ್ದವರು

ಫ್ರೆಂಚ್ ಚಿತ್ರಕಾರ ಆಂಟ್ವಾನ್-ಜಾನ್ ಗ್ರೋ 1808ರಲ್ಲಿ ಮುಗಿಸಿದ ‘ಐಲಾವ್ ರಣಭೂಮಿಯಲ್ಲಿ ನೆಪೋಲಿಯನ್’ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಎತ್ತರ ಐದು ಮೀಟರಿಗೂ ಹೆಚ್ಚು, ಅಗಲ ಎಂಟು ಮೀಟರಿಗೆ ತುಸು ಕಡಿಮೆ. ಹೆಸರಿಗೆ ಯುದ್ಧಚಿತ್ರವಾದರೂ ಇದರಲ್ಲಿ ಯಾರೂ ಕಾದುತ್ತಿಲ್ಲ. ಇರುವುದು ಕಾಳಗದ ಮಾರನೆಯ ದಿನ.

1807ರ ಫೆಬ್ರವರಿ 7 ಮತ್ತು 8ರಂದು ಪೂರ್ವ ಪ್ರಷ್ಯದ ಐಲಾವ್ ಬಳಿ ಫ್ರೆಂಚರು ರಷ್ಯನ್ನರನ್ನೂ ಅವರ ನೆರವಿಗೆ ಬಂದ ಪ್ರಷ್ಯನ್ನರನ್ನೂ ಎದುರಿಸಿದರು. ಹಿಮಗಾಳಿಯಲ್ಲಿ ದಾರಿ ತಪ್ಪಿದ ಫ್ರೆಂಚ್ ಮಾರ್ಷಲ್ ಓಜರೋನ ಪಡೆ ರಷ್ಯದ ಫಿರಂಗಿಗಳ ಬಾಯಿಗೇ ಹೋಗಿ ಬಿದ್ದಿತು. ಆಗ ಫ್ರೆಂಚ್ ಅಶ್ವದಳದ ನಾಯಕ ಮ್ಯುರಾ ಹತ್ತು ಸಾವಿರದಷ್ಟು ಕುದುರೆ ಸವಾರರನ್ನು ನುಗ್ಗಿಸಿ ಸೇನೆಯನ್ನು ಉಳಿಸಿಕೊಂಡ. ಇರುಳಲ್ಲಿ ರಷ್ಯನ್ನರು ಹಿಂದೆ ಸರಿದರು. ಗೆಲುವು ಎನ್ನಲು ಫ್ರೆಂಚರಿಗಿದ್ದ ಆಧಾರ ಅಷ್ಟೇ. ಎರಡೂ ಕಡೆ ಸತ್ತವರು, ಗಾಯಗೊಂಡವರು ಹತ್ತಾರು ಸಾವಿರ.

ಪ್ಯಾರಿಸಿನಲ್ಲಿ ಕಳವಳ ಹಬ್ಬಿತು. ಸಂಗ್ರಹಾಲಯಗಳ ನಿರ್ದೇಶಕ ವಿವಾನ್ ದೆನಾನ್ ಚಿತ್ರಸ್ಪರ್ಧೆಯೊಂದನ್ನು ಸಾರಿ, ಏನನ್ನು ಬರೆಯಬೇಕೆಂಬುದನ್ನೂ ತಾನೇ ಗೊತ್ತುಮಾಡಿದ: ಚಕ್ರವರ್ತಿ ರಣರಂಗವನ್ನು ನೋಡಲು ಬರುತ್ತಾನೆ, ಶತ್ರುಪಕ್ಷದ ಗಾಯಾಳುಗಳಿಗೂ ಶುಶ್ರೂಷೆ ಮಾಡಿಸುತ್ತಾನೆ. ಕರಡುಚಿತ್ರ ಕೊಟ್ಟ 26 ಮಂದಿಯಲ್ಲಿ ಗ್ರೋ ಗೆದ್ದ.

ಆಜ್ಞೆಯನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದಾನೆ. ನಡುವೆ ಕುದುರೆಯ ಮೇಲೆ ನೆಪೋಲಿಯನ್. ಐಲಾವಿನಲ್ಲಿ ತೊಟ್ಟಿದ್ದ ತುಪ್ಪಳದ ನಿಲುವಂಗಿಯನ್ನೇ ಅವನು ಕಲಾವಿದನಿಗೆ ಕಳಿಸಿಕೊಟ್ಟಿದ್ದ. ಮುಖ ಬಿಳಿಚಿದೆ, ಕೈ ಹರಸುವಂತೆ ಚಾಚಿದೆ. ಗಾಯಗೊಂಡ ಲಿಥುವೇನಿಯನ್ ಸೈನಿಕನೊಬ್ಬ ಅವನಿಗೆ ನಿಷ್ಠೆಯ ಮಾತು ಕೊಡುತ್ತಿದ್ದಾನೆ. ಹತ್ತಿರದಲ್ಲೇ ಮ್ಯುರಾ, ಗರಿ-ಜರತಾರಿಗಳಲ್ಲಿ ಮದುವೆ ದಿಬ್ಬಣಕ್ಕೆ ಹೊರಟವನಂತೆ.

ಆದರೆ ಕಣ್ಣು ಅಲ್ಲಿ ನಿಲ್ಲುವುದಿಲ್ಲ, ಕೆಳಗಿಳಿಯುತ್ತದೆ. ಚೌಕಟ್ಟಿನ ಅಂಚಿಗೇ ಹೆಣಗಳನ್ನು ತಂದು ರಾಶಿ ಹಾಕಿದ್ದಾನೆ ಗ್ರೋ, ಅದೂ ಆಳಿನ ಗಾತ್ರಕ್ಕಿಂತ ದೊಡ್ಡದಾಗಿ. ಮೈಬಣ್ಣ ನೀಲಿಗಟ್ಟಿದೆ, ಬಟ್ಟೆಗೆ ಹಿಮ ಮೆತ್ತಿದೆ, ಬಯೊನೆಟ್ಟಿನ ಮೇಲೆ ನೆತ್ತರು ಹೆಪ್ಪುಗಟ್ಟಿದೆ. ಅವನ ಗುರು ದಾವೀದ್‌ನ ಚಿತ್ರಗಳಲ್ಲಿ ಸತ್ತವರೂ ಅಮೃತಶಿಲೆಯಂತೆ ಚೆಲುವರು. ಇಲ್ಲಿ ಆ ಸೌಜನ್ಯವಿಲ್ಲ. ಚಕ್ರವರ್ತಿಯ ಕರುಣೆಯನ್ನು ಕಾಣಲು ಅದಕ್ಕೆ ತೆತ್ತ ಬೆಲೆಯನ್ನು ದಾಟಿಯೇ ಹೋಗಬೇಕು. ಪ್ರಚಾರಕ್ಕೆಂದು ಬರೆಸಿದ ಚಿತ್ರ ಪ್ರಚಾರವನ್ನು ಮೀರುವುದು ಈ ಅಡಿಯಂಚಿನಲ್ಲಿ.

1808ರ ಸಲಾನ್ ಪ್ರದರ್ಶನದಲ್ಲಿ ಕೆಲವು ವಿಮರ್ಶಕರು ಈ ಹೆಣಗಳಿಗೆ ಮೂಗು ಮುರಿದರು. ನೆಪೋಲಿಯನ್ನನಿಗೆ ಮಾತ್ರ ಚಿತ್ರ ಒಪ್ಪಿಗೆಯಾಯಿತು. ಗ್ರೋನಿಗೆ ಅಲ್ಲೇ ಲೀಜನ್ ಆಫ್ ಆನರ್ ಪದಕ ತೊಡಿಸಿದ. ಹೆಣಗಳ ಪಾಠ ಕಲಿತವರು ಮುಂದಿನ ತಲೆಮಾರಿನ ಚಿತ್ರಕಾರರಾದ ಜೆರಿಕೊ ಮತ್ತು ದೆಲಕ್ರ್ವಾ. ಗ್ರೋ ತೀರಿಕೊಂಡು ಹದಿಮೂರು ವರ್ಷಗಳ ಬಳಿಕ, 1848ರಲ್ಲಿ, ದೆಲಕ್ರ್ವಾ ಅವನ ಕುರಿತು ಮೆಚ್ಚುಗೆಯ ದೀರ್ಘ ಲೇಖನವನ್ನೇ ಬರೆದ.